ಕಾಡಿನ ಕಟ್ಟಳೆಯಲ್ಲಿ ಹೆಣ್ಣಿನ ಪಾಲು

ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ ಗ್ರಾಮಸಭೆಯೊಂದನ್ನು ಕಾಣುವ ಅವಕಾಶ ನನಗೆ ಒದಗಿತ್ತು. ಪೋಡು ಎಂದರೆ ಸೋಲಿಗರ ಊರು. ನಾನು ಅಲ್ಲಿಗೆ ಹೋದದ್ದು ಬೇರೊಂದು ಕಾರ್ಯದ ನಿಮಿತ್ತ. ಸಭೆ ನಡೆಯಲಿದೆಯೆಂದು ತಿಳಿದು, ಒಂದು ಮನೆಯ ಜಗಲಿಯ ಮೂಲೆ ಹಿಡಿದು ಕುಳಿತೆ. ಎದುರಿಗೆ ಮರದ ನೆರಳಿನಲ್ಲಿ ಚಾಪೆ ಹಾಸಿತ್ತು. ಅದರ ಮೇಲೆ ಹಿರಿಯ ಗಂಡಸರು, ಅವರ ಬೆನ್ನ ಹಿಂದೆ ಹುಡುಗರು. ಓದು ಬಲ್ಲ ತರುಣನೊಬ್ಬ ತೊಡೆಯ ಮೇಲೆ ಹಾಜರಿ ಪುಸ್ತಕವನ್ನಿಟ್ಟುಕೊಂಡು ಹೆಸರು ಕೂಗುತ್ತಿದ್ದ. ಕೂಗಿ ಮುಗಿದ ಮೇಲೆ ಎಣಿಸಿ ನೋಡಿ, "ಹೆಣ್ಮಕ್ಕಳು ಸಾಲ್ದು," ಎಂದ.

ಮನೆಮನೆಗೆ ಒಬ್ಬ ಹುಡುಗ ಓಡಿದ. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕೆಲವರ ಕೈ ಇನ್ನೂ ಒದ್ದೆ, ಒಬ್ಬಳ ಸೊಂಟದಲ್ಲಿ ಕೂಸು. ಬಲ್ಲವರು ಸಹಿ ಹಾಕಿದರು, ಅರಿಯದವರು ಹೆಬ್ಬೆಟ್ಟು ಒತ್ತಿದರು, ಒತ್ತಿ ಹೋದರು. ಸಭೆ ಶಾಸ್ತ್ರೋಕ್ತವಾಯಿತು. ಅಂದಿನ ವಿಷಯ, ತಮ್ಮ ಪಾಲಿನ ಕಾಡನ್ನು ನೋಡಿಕೊಳ್ಳುವ ಬಗೆಯನ್ನು ಬರೆದಿಡುವುದು. ಯಾವ ತಾಣ ಯಾವುದಕ್ಕೆ, ಅಲ್ಲಿ ಪೂರ್ವದಿಂದ ನಡೆದು ಬಂದ ಕಟ್ಟಳೆ ಏನು ಎಂಬುದನ್ನು ಪಟ್ಟಿಮಾಡುವುದು. ಹಿರಿಯರು ಹೇಳುತ್ತ ಹೋದರು, ತರುಣ ಬರೆಯುತ್ತ ಹೋದ. ಹೆಜ್ಜೇನು ಕಟ್ಟುವ ಮರಗಳು, ಜೇನಿನ ಬಂಡೆಗಳು, ದೇವರ ತಾಣಗಳು, ನೆಲ್ಲಿಯ ಮರಗಳಿರುವ ಬೋರೆಗಳು.

ಹೆಬ್ಬೆಟ್ಟು ಒತ್ತಿದವರಲ್ಲಿ ಒಬ್ಬ ಮುದುಕಿ ಮಾತ್ರ ಮನೆಗೆ ಹೋಗದೆ ಚಾಪೆಯಿಂದಾಚೆ, ಮಣ್ಣಿನ ಮೇಲೆ, ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದಳು. ನಡುವೆ ಒಮ್ಮೆ ಬಾಯಿ ಬಿಟ್ಟಳು: "ಗೆಣ್ಸು ಅಗಿಯೋ ಜಾಗವ ಬರಕೊಂಡ್ಯಾ, ಮೊಗಾ?"

ತರುಣ ತಲೆಯೆತ್ತದೆಯೇ ನಕ್ಕ. "ಅದನ್ನೇನಜ್ಜೀ ಬರಿಯೋದು? ಎಲ್ಲಾ ಕಡೇನೂ ಅದೆ."

"ಎಲ್ಲಾ ಕಡೇನೂ ಇತ್ತು ಕಣಪ್ಪಾ," ಎಂದಳು ಮುದುಕಿ.

ಚಾಪೆಯ ಮೇಲಿನವರು ಅಷ್ಟರಲ್ಲಿ ಮತ್ತೊಂದು ಜೇನಿನ ಬಂಡೆಯ ಹೆಸರಿಗೆ ಹೋಗಿದ್ದರು.

ಕಾಡಿನ ಜನರ ವಿಷಯವಾಗಿ ನಮ್ಮ ವಿದ್ಯಾವಂತರಲ್ಲಿ ಎರಡು ಬಗೆಯ ಮಾತು ಬಳಕೆಯಲ್ಲಿದೆ. ಆ ಸಮಾಜದಲ್ಲಿ ಹೆಣ್ಣು ಗಂಡುಗಳ ನಡುವೆ ಮೇಲು ಕೀಳಿಲ್ಲ, ಊರಿನ ನಾವು ಕೆಡಿಸದಿದ್ದರೆ ಅವರು ಸಮಾನರಾಗಿಯೇ ಇರುತ್ತಿದ್ದರು ಎಂಬುದು ಒಂದು. ಪದ್ಧತಿಯೆಂಬುದೇ ಹೆಣ್ಣಿಗೆ ಸಂಕೋಲೆ, ಸರ್ಕಾರದ ಕಾಯಿದೆಯೊಂದೇ ಅದನ್ನು ಕಡಿಯಬಲ್ಲುದು ಎಂಬುದು ಇನ್ನೊಂದು. ಮೊದಲನೆಯದನ್ನು ಕವಿಹೃದಯದವರು ಆಡುತ್ತಾರೆ, ಎರಡನೆಯದನ್ನು ಅಧಿಕಾರಿಗಳು. ಆ ಜಗಲಿಯ ಮೇಲೆ ಕುಳಿತಾಗ ನನಗೆ ಎರಡೂ ನಿಲ್ಲುವ ಮಾತೆನಿಸಲಿಲ್ಲ. ನನಗೆ ತೋರಿದುದಿಷ್ಟು: ಕಾಡಿನ ಕಟ್ಟಳೆ ಎಂಬುದು ಒಂದಲ್ಲ, ಎರಡು. ಒಂದು ಬಾಯಲ್ಲಿರುವ ಕಟ್ಟಳೆ. ನ್ಯಾಯದ ಕಟ್ಟೆಯಲ್ಲಿ, ದೇವರ ಮುಂದೆ, ಹಿರಿಯರು ಹೇಳುವಂಥದು. ಇನ್ನೊಂದು ಕೈಯಲ್ಲಿರುವ ಕಟ್ಟಳೆ. ಯಾರೂ ಹೇಳದೆ, ದಿನವೂ ಮಾಡುವುದರಿಂದಲೇ ಉಳಿದುಕೊಂಡು ಬಂದುದು. ಮೊದಲನೆಯದು ಬಹುಮಟ್ಟಿಗೆ ಗಂಡಸರದು. ಎರಡನೆಯದರಲ್ಲಿ ಹೆಚ್ಚು ಪಾಲು ಹೆಂಗಸರದು. ಕಟ್ಟಳೆಯನ್ನು ಕಾಗದಕ್ಕಿಳಿಸುವ ಕಾಲ ಈಗ ಬಂದಿದೆ. ಕಾಗದ ಬಾಯಿಯ ಮಾತನ್ನು ಕೇಳುತ್ತದೆ, ಕೈಯ ಕೆಲಸವನ್ನು ನೋಡುವುದಿಲ್ಲ.

ಗೆಣಸಿನ ಮಾತನ್ನೇ ತೆಗೆದುಕೊಳ್ಳಬಹುದು. ಸೋಲಿಗರು ತಿನ್ನುವ ಕಾಡುಗೆಣಸುಗಳಲ್ಲಿ ನೂರೆ ಮೊದಲಾದ ಹಲವು ಜಾತಿಗಳುಂಟು. ಬಳ್ಳಿ ಒಣಗಿದ ಮೇಲೂ ಅದರ ಜಾಡು ಹಿಡಿದು ನೆಲದೊಳಗೆ ಗೆಡ್ಡೆ ಎಲ್ಲಿ ಇಳಿದಿದೆಯೆಂದು ಅರಿಯುವುದು ಒಂದು ವಿದ್ಯೆ. ಅದಕ್ಕಿಂತ ದೊಡ್ಡ ವಿದ್ಯೆ, ಅಗೆದ ಮೇಲೆ ಬಳ್ಳಿಯ ಬುಡವನ್ನು ಒಂದಿಷ್ಟು ಗೆಡ್ಡೆಯ ಸಮೇತ ಗುಂಡಿಯಲ್ಲೇ ಬಿಟ್ಟು ಮಣ್ಣು ಮುಚ್ಚುವುದು. ಮುಂದಿನ ಮಳೆಗೆ ಅದು ಮತ್ತೆ ಚಿಗುರುತ್ತದೆ. ಇದು ಶುದ್ಧವಾದ ಅರಣ್ಯಪಾಲನೆ; ಕಾಲೇಜಿನ ಪಠ್ಯಪುಸ್ತಕದಲ್ಲಿ ಬರೆದಿದ್ದರೆ ಅದಕ್ಕೊಂದು ಗಂಭೀರವಾದ ಹೆಸರಿರುತ್ತಿತ್ತು. ಇಲ್ಲಿ ಅದು ತಾಯಿ ಮಗಳ ಕೈಗೆ ಗುದ್ದಲಿ ಕೊಟ್ಟಾಗ ಆಡುವ ಗದರಿಕೆಯ ಮಾತು, ಅಷ್ಟೆ. ಸೊಪ್ಪು ಕೊಯ್ಯುವಾಗ ಕುಡಿ ಚಿವುಟಿ ಬೇರು ಬಿಡುವುದು, ಒಣಗಿದ ಕೊಂಬೆಯನ್ನೇ ಸೌದೆಗೆ ಮುರಿಯುವುದು, ಯಾವ ಒರತೆ ಯಾವ ತಿಂಗಳಲ್ಲಿ ಬತ್ತುವುದೆಂದು ಬಲ್ಲುದು, ರಾಗಿಯ ಹೊಲದ ನಡುವೆ ಅವರೆ ತೊಗರಿ ಕುಂಬಳಗಳ ಬೀಜವನ್ನು ಬೂದಿ ಸವರಿ ಮರುವರ್ಷಕ್ಕೆ ಎತ್ತಿಡುವುದು, ಇವು ಯಾವುವೂ ನ್ಯಾಯದ ಕಟ್ಟೆಗೆ ಬರುವ ವಿಷಯಗಳಲ್ಲ. ಜಗಳವಾದರೆ ತಾನೆ ಕಟ್ಟಳೆಗೆ ಬಾಯಿ ಬರುವುದು?

ಗಂಡಸರ ಕಡೆಗೆ ನಾನು ಅನ್ಯಾಯ ಮಾಡಲಾರೆ. ಅವರ ವಿದ್ಯೆಯೂ ಅಸಾಧಾರಣವಾದುದು. ಹೆಜ್ಜೇನು, ತುಡುವೆ, ಕೋಲುಜೇನು, ನೆಸರಿ ಎಂಬ ಈ ನಾಲ್ಕರ ಸ್ವಭಾವವನ್ನು ಅವರು ತಿಳಿದಿರುವಷ್ಟು ತಿಳಿದವರು ವಿರಳ. ಬೇಸಗೆಯ ಮೊದಲಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗಲೇ, ಉದುರಿದ ತರಗಿಗೆ ಹಗುರವಾಗಿ ಹಾಕುತ್ತಿದ್ದ ತರಗು ಬೆಂಕಿಯ ಕ್ರಮವನ್ನು ಅವರು ಇಂದಿಗೂ ವಿವರಿಸುತ್ತಾರೆ. ಆ ಬೆಂಕಿ ಮರವನ್ನು ಸುಡುತ್ತಿರಲಿಲ್ಲ, ಪೊದೆಯನ್ನು ಬೆಳೆಯಗೊಡುತ್ತಿರಲಿಲ್ಲ, ನೆಲ್ಲಿಯ ಕೊಂಬೆ ಹಿಡಿದು ರಸ ಹೀರುವ ಉಪ್ಪಿಲು ಬಂದಣಿಕೆಯನ್ನು ಹತೋಟಿಯಲ್ಲಿಡುತ್ತಿತ್ತು ಎಂಬುದು ಅವರ ವಾದ. ಬೆಂಕಿಯನ್ನು ನಿಷೇಧಿಸಿದ ಅರಣ್ಯಶಾಸ್ತ್ರ ಇದನ್ನು ಬಹುಕಾಲ ಅಜ್ಞಾನವೆಂದು ಬಗೆಯಿತು. ಈಚೆಗೆ ವಿಜ್ಞಾನಿಗಳೂ ಕಿವಿಗೊಡತೊಡಗಿದ್ದಾರೆ.

ಆದರೆ ಜೇನಿನ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಜೇನು ಗಂಡಸರ ಕೆಲಸ, ಅದರಲ್ಲಿ ಹೆಣ್ಣಿಗೆ ಏನು ಸಂಬಂಧ ಎಂದು ಕೇಳಿದರೆ, ಇಲ್ಲವೆಂದೇ ಉತ್ತರ ಬರುತ್ತದೆ. ನೆರೆಯ ನೀಲಗಿರಿಯ ಕುರುಂಬರಲ್ಲಿ ಜೇನಿಗಾಗಿ ಕಡಿಬಂಡೆಯಿಂದ ಬಳ್ಳಿಯ ಏಣಿಯಲ್ಲಿ ಇಳಿಯುವವನ ಹಗ್ಗವನ್ನು ಮೇಲೆ ಹಿಡಿದು ನಿಲ್ಲುವವನು ಅವನ ಹೆಂಡತಿಯ ಸೋದರ. ಏಕೆಂದರೆ ತಂಗಿ ವಿಧವೆಯಾಗುವುದನ್ನು ಯಾವ ಅಣ್ಣನೂ ಬಯಸುವುದಿಲ್ಲ. ಆ ಹಗ್ಗದ ಗಟ್ಟಿತನ ಮನೆಯಲ್ಲಿ ಕುಳಿತ ಒಬ್ಬ ಹೆಂಗಸಿನ ಬಾಳಿನ ಮೇಲೆ ನಿಂತಿದೆ. ಜೇನಿಗೆ ಹೊರಡುವ ಮುನ್ನ ಗಂಡಸು ಶುಚಿಯಾಗಿ, ಹೆಣ್ಣಿನಿಂದ ದೂರವಾಗಿ, ವ್ರತದಲ್ಲಿರಬೇಕೆಂಬ ನಿಯಮವೂ ಇಂಥ ಜನಗಳಲ್ಲಿ ಉಂಟು. ಹೀಗೆ, ಬಂಡೆಯ ಹತ್ತಿರಕ್ಕೆ ಬಾರದ ಹೆಣ್ಣು ಬಂಡೆಯ ಎಲ್ಲ ಅಪಾಯಕ್ಕೂ ಒಂದು ಬಗೆಯ ಹೊಣೆಗಾರ್ತಿ.

ಕನ್ನಡದ ವಾಚಕರಿಗೆ ಇದು ಹೊಸದಲ್ಲ. ಕಂಸಾಳೆಯವರೂ ದೇವರಗುಡ್ಡರೂ ಹಾಡಿಕೊಂಡು ಬಂದ ಮಲೆಯ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಕಥೆಯಿದೆ. ಸೋಲಿಗರ ನೀಲೇಗೌಡ ಮಲೆಗೆ ಹೊರಟಾಗ ಹೆಂಡತಿಯಿಂದ ಬಲಗೈ ಭಾಷೆ ಬೇಡುತ್ತಾನೆ. ತಾನಿಲ್ಲದಾಗ ಶೀಲ ಕಾಯ್ದುಕೊಳ್ಳುವೆನೆಂದು ಆಣೆಯಿಡಬೇಕೆನ್ನುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಅವನು ಅವಳನ್ನು ಹಿಂಸಿಸಿ ಗುಡಿಸಲಲ್ಲಿ ಕಟ್ಟುಮಾಡಿ ಹೋಗುತ್ತಾನೆ. ಮಾದಯ್ಯನೇ ಬಂದು ಅವಳ ಕಷ್ಟ ಬಿಡಿಸಿ ಮಕ್ಕಳ ವರ ಕೊಡಬೇಕಾಗುತ್ತದೆ. ಈ ಭಾಗ ಬಂದಾಗ ಕೇಳುವ ಹೆಂಗಸರು ಕಣ್ಣೊರೆಸಿಕೊಳ್ಳುವುದನ್ನು ನಾನು ಬಾಲ್ಯದಲ್ಲಿ ನೋಡಿದ್ದೇನೆ. ಆಗ ಅದು ಭಕ್ತಿಯೆಂದು ತಿಳಿದಿದ್ದೆ. ಕಾಡಿನ ಕೆಲಸದ ಭಾರವನ್ನು ತನ್ನ ಮೇಲೆ ಹೊರಿಸುವ ಕಟ್ಟಳೆಗೆ ಆಣೆಯಿಡಲೊಲ್ಲೆ ಎಂದವಳು ಸಂಕಮ್ಮ. ಆ ಕಥೆಯನ್ನು ಹಾಡಿ ಉಳಿಸಿದ ಜನ ತಮ್ಮ ಕಟ್ಟಳೆಯ ಒಳಗಿನ ಬಿರುಕನ್ನು ಅರಿಯದವರೆಂದು ನಾನು ನಂಬಲಾರೆ.

ಸೋಲಿಗರ ಹೆಣ್ಣಿಗೆ ಊರಿನ ಹೆಣ್ಣಿಗಿಲ್ಲದ ಕೆಲವು ಸ್ವಾತಂತ್ರ್ಯಗಳುಂಟು. ಮೆಚ್ಚಿದವನೊಡನೆ ಕಾಡಿಗೆ ಓಡಿಹೋಗಿ, ಆಮೇಲೆ ಹಿರಿಯರ ಮುಂದೆ ಬಂದು ನಿಂತರೆ ಮದುವೆ ಒಪ್ಪಿತವಾಗುತ್ತದೆ. ಒಗ್ಗದಿದ್ದರೆ ಬಿಡುವುದೂ ಮತ್ತೊಬ್ಬನ ಕೈಹಿಡಿಯುವುದೂ ಅವಮಾನದ ಮಾತಲ್ಲ. ಬಿಳಿಗಿರಿರಂಗನೇ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಕೈಹಿಡಿದವನಾದುದರಿಂದ ದೇವರನ್ನು ಅವರು ಭಾವನೆಂದು ಕರೆಯುತ್ತಾರೆ. ದೇವರೊಡನೆ ಇಷ್ಟು ಸಲುಗೆಯ ಸಂಬಂಧ ತಂದುಕೊಟ್ಟವಳು ಹೆಣ್ಣು. ಆದರೂ ಯಜಮಾನ, ಪಟ್ಟಗಾರ, ಚಲುವಾದಿ, ತಮ್ಮಡಿ ಮುಂತಾದ ಸ್ಥಾನಗಳು ಗಂಡಸರವು. ಕಾಡು ಅವರಲ್ಲಿ ಎಲ್ಲೆಗಳಾಗಿ ಹಂಚಿಹೋಗಿದೆ. ಒಂದೊಂದು ಎಲ್ಲೆ ಒಂದೊಂದು ಕುಲದ ಪಾಲು, ಅಲ್ಲಿಯ ದೇವರು, ಮಾರಿ, ವೀರ, ಹಿರಿಯರ ಕಲ್ಲು, ನೀರಿನ ಅಬ್ಬಿ ಎಲ್ಲಕ್ಕೂ ಆ ಕುಲದವರು ನಡೆದುಕೊಳ್ಳಬೇಕು. ಕುಲದೊಳಗೆ ಮದುವೆಯಿಲ್ಲ. ಆದುದರಿಂದ ಪ್ರತಿಯೊಬ್ಬ ಹೆಣ್ಣೂ ತಾನು ಹುಟ್ಟಿದ ಎಲ್ಲೆಯಿಂದ ಹೊರಕ್ಕೆ ಹೋಗುವವಳು, ಸೇರಿದ ಎಲ್ಲೆಗೆ ಹೊರಗಿನಿಂದ ಬಂದವಳು. ಅವಳು ಎರಡು ಎಲ್ಲೆಗಳನ್ನು ಬಲ್ಲಳು. ಹೇಳುವ ಹಕ್ಕು ಎರಡರಲ್ಲೂ ಕಡಮೆ.

ಸೋಲಿಗರು ವಿದ್ವಾಂಸರೊಡನೆ ಕೂಡಿ ಇಂಥ ಪವಿತ್ರತಾಣಗಳನ್ನು ನಕ್ಷೆಯ ಮೇಲೆ ಗುರುತಿಸಿದ್ದಾರೆ. ನಾನೂರಕ್ಕೂ ಹೆಚ್ಚು ತಾಣಗಳು ಹೀಗೆ ದಾಖಲಾದವು. ಅರಣ್ಯವು ಖಾಲಿ ಭೂಮಿಯಲ್ಲ, ಹೆಸರುಗಳಿಂದ ತುಂಬಿದ ಮನೆ ಎಂಬುದನ್ನು ಸರ್ಕಾರಕ್ಕೆ ತೋರಿಸಿಕೊಟ್ಟ ಆ ಕೆಲಸಕ್ಕೆ ಬೆಲೆ ಕಟ್ಟಲಾಗದು. ಆದರೂ ಆ ಮುದುಕಿಯ ಪ್ರಶ್ನೆ ಕಿವಿಯಲ್ಲಿ ಉಳಿದ ಮೇಲೆ ನಾನು ಇಂಥ ಯಾವ ಪಟ್ಟಿಯನ್ನೂ ಮೊದಲಿನ ಕಣ್ಣಿನಿಂದ ನೋಡಲಾರೆ. ದೇವರಿಗೆ ಹೆಸರಿದೆ, ಗೆಣಸಿನ ಇಳಿಜಾರಿಗೂ ಹೆಸರಿದೆ, ಆದರೆ ಅದನ್ನು ಕೇಳಿದವರಿಲ್ಲ.

ಪ್ರಸ್ತುತ ಪರಿಸ್ಥಿತಿಯನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಬೆಟ್ಟಗಳು 1974ರಲ್ಲಿ ವನ್ಯಧಾಮವಾದವು. ಕಾಡು ಕಡಿದು ಸುಟ್ಟು ಬಿತ್ತುವ ಬೇಸಾಯವೂ ಬೇಟೆಯೂ ನಿಂತು, ಚದುರಿದ್ದ ಜನ ಪೋಡುಗಳಲ್ಲಿ ನೆಲೆಯಾದರು. ನೆಲ್ಲಿ, ಜೇನು, ಪಾಚಿ, ಸೀಗೆ, ಅಂಟುವಾಳಗಳನ್ನು ಲ್ಯಾಂಪ್ಸ್ ಸೊಸೈಟಿಗೆ ಮಾರಿ ಬರುವ ಹಣ ಜೀವನಾಧಾರವಾಯಿತು. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ತರುವಾಯ ಕೆಲವು ವರ್ಷ ಆ ಮಾರಾಟಕ್ಕೂ ನಿಷೇಧ ಬಂದಿತು. ನಿಷೇಧದ ಕಷ್ಟವನ್ನು ಬರೆದವರು ಹೆಚ್ಚಾಗಿ ನಷ್ಟವಾದ ಹಣವನ್ನು ಲೆಕ್ಕ ಹಾಕಿದ್ದಾರೆ. ಹಣಕ್ಕೆ ಬಾರದ ಗೆಣಸು ಸೊಪ್ಪು ಸೌದೆಗಳ ಲೆಕ್ಕ ಬೇರೆ. ಅದನ್ನು ಕೆಡಿಸಿದ್ದು ನಿಷೇಧಕ್ಕಿಂತ ಹೆಚ್ಚಾಗಿ ಲಂಟಾನ. 1997ರಿಂದ 2008ರವರೆಗಿನ ಅವಧಿಯಲ್ಲಿ ಈ ಕಾಡಿನಲ್ಲಿ ಲಂಟಾನದ ವ್ಯಾಪ್ತಿ ಸರಿಸುಮಾರು ಇಮ್ಮಡಿಯಾದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಆಳೆತ್ತರದ ಮುಳ್ಳುಪೊದೆಯ ಕೆಳಗೆ ಗೆಣಸಿನ ಬಳ್ಳಿಗೆ ಬೆಳಕಿಲ್ಲ. ಬಳ್ಳಿಯಿದ್ದರೂ ಹುಡುಕುವವಳಿಗೆ ದಾರಿಯಿಲ್ಲ. ದಾರಿಯಿದ್ದರೂ ಪೊದೆಯ ಆಚೆ ಆನೆ ನಿಂತಿದೆಯೋ ಎಂಬುದು ಕಾಣುವುದಿಲ್ಲ. "ಇತ್ತು ಕಣಪ್ಪಾ" ಎಂಬ ಮಾತಿನಲ್ಲಿ ಇಷ್ಟೆಲ್ಲ ಅಡಗಿತ್ತು. ಹೆಜ್ಜೇನಿಗೆ ಎತ್ತರದ ಮರ ಉಳಿದಿದೆ. ಗೆಣಸು ನೆಲದ್ದು, ಮೊದಲು ಹೋದದ್ದು ಅದೇ. ನೆಲದ ಹಂತದಲ್ಲಿ ಕಾಡು ಕೆಡುವುದನ್ನು ಮೊದಲು ಕಾಣುವವರು ಹೆಂಗಸರು. ಆ ಸುದ್ದಿ ಚಾಪೆಯ ತನಕ ತಲುಪದಿರುವುದು ಹೆಂಗಸರಿಗಷ್ಟೇ ಅಲ್ಲ, ಕಾಡಿಗೂ ನಷ್ಟ.

ಅರಣ್ಯ ಹಕ್ಕುಗಳ ಕಾಯಿದೆ 2006ರಲ್ಲಿ ಬಂದಿತು. ಅದರ ನಿಯಮಗಳು 2008ರಲ್ಲಿ. ಬಿಳಿಗಿರಿಯ ಕಾಡು 2011ರ ಆರಂಭದಲ್ಲಿ ಸುಮಾರು 575 ಚದರ ಕಿಲೋಮೀಟರಿನ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು; ಅದೇ ವರ್ಷ ಅಕ್ಟೋಬರಿನಲ್ಲಿ ಇಲ್ಲಿಯ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿಯ ಕಾಡಿನಲ್ಲಿ ಮನುಷ್ಯರ ಸಾಮೂಹಿಕ ಹಕ್ಕನ್ನು ಒಪ್ಪಿದುದಕ್ಕೆ ದೇಶದಲ್ಲಿ ಇದೇ ಮೊದಲು. ಸೋಲಿಗರ ಹೋರಾಟಕ್ಕೆ ಸಂದ ಈ ಜಯವನ್ನು ಯಾರೂ ಸಣ್ಣದೆನ್ನಲಾರರು. ಅರಣ್ಯವನ್ನು ರಕ್ಷಿಸುವ, ಬೆಳೆಸುವ, ನಿರ್ವಹಿಸುವ ಹಕ್ಕನ್ನೇ ಕಾಯಿದೆ ಗ್ರಾಮಸಭೆಗೆ ಕೊಡುತ್ತದೆ. ನಾನು ಕಂಡ ಆ ಪಟ್ಟಿ ಹುಟ್ಟಿದ್ದು ಇದರಿಂದಲೇ.

ಹೆಣ್ಣಿನ ವಿಷಯದಲ್ಲಿ ಕಾಯಿದೆ ಸುಮ್ಮನಿಲ್ಲ. ಹಕ್ಕು ಸಮಿತಿಯ ಹತ್ತರಿಂದ ಹದಿನೈದು ಸದಸ್ಯರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. 2012ರ ತಿದ್ದುಪಡಿಯಂತೆ ಗ್ರಾಮಸಭೆಗೆ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು, ಹಾಜರಾದವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಾಗಿರಬೇಕು. ಸಾಗುವಳಿಯ ಜಮೀನಿನ ಹಕ್ಕುಪತ್ರ ಗಂಡಹೆಂಡಿರಿಬ್ಬರ ಹೆಸರಿನಲ್ಲಿ ಜಂಟಿಯಾಗಿರಬೇಕು. ಭೂಮಿಯ ಕಾಯಿದೆಗಳನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಮಾತೆಂಬುದು ಗೊತ್ತು. ಊರಿನ ರೈತನ ಪಹಣಿಯಲ್ಲಿ ಹೆಂಡತಿಯ ಹೆಸರು ಸೇರಲೇಬೇಕೆಂದು ಯಾವ ಶಾಸನವೂ ಹೇಳಿಲ್ಲ. ಆದರೆ ಶಾಸನ ಎಣಿಸಬಲ್ಲುದು ತಲೆಗಳನ್ನು, ಮಾತುಗಳನ್ನಲ್ಲ. ಹೆಬ್ಬೆಟ್ಟು ಒತ್ತಿ ಮನೆಗೆ ಹೋದವಳೂ ಹಾಜರಿಯೇ.

ಹೆಂಗಸರು ಮಾತನಾಡಿದರೆ ಕಾಡಿಗೆ ಆಗುವುದೇನು ಎಂದು ಕೇಳುವವರುಂಟು. ಇದಕ್ಕೆ ಉತ್ತರ ಹಿಮಾಲಯದ ಕಡೆಯಿಂದ ಬಂದಿದೆ. ನಮ್ಮ ಸಿರಸಿ ಸೀಮೆಯಲ್ಲಿ 1983ರಲ್ಲಿ ಎದ್ದ ಅಪ್ಪಿಕೋ ಚಳವಳಿಗೆ ಚಿಪ್ಕೋ ಪ್ರೇರಣೆಯಾದುದು ಎಲ್ಲರಿಗೂ ತಿಳಿದ ಸಂಗತಿ. ಆ ಚಿಪ್ಕೋದ ಅತ್ಯಂತ ಪ್ರಸಿದ್ಧ ದಿನ 1974ರ ಮಾರ್ಚ್ 26. ಚಮೋಲಿ ಜಿಲ್ಲೆಯ ರೇಣಿ ಎಂಬ ಭೋಟಿಯಾ ಜನರ ಹಳ್ಳಿಯಲ್ಲಿ ಗಂಡಸರೆಲ್ಲ ಭೂಮಿಯ ಪರಿಹಾರದ ಹಣಕ್ಕಾಗಿ ಪೇಟೆಗೆ ಹೋಗಿದ್ದಾಗ, ಗೌರಾದೇವಿಯ ಮುಂದಾಳುತನದಲ್ಲಿ ಹೆಂಗಸರು ಕೊಡಲಿಗಳಿಗೆ ಅಡ್ಡನಿಂತರು. ಈ ಕಥೆ ಪಠ್ಯಪುಸ್ತಕಗಳಲ್ಲಿದೆ. ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಕಥೆ, ಅದೇ ಜಿಲ್ಲೆಯ ಡೂಂಗ್ರಿ-ಪೈಂತೋಲಿಯದು, 1980ರದು. ಅಲ್ಲಿ ಕೊಡಲಿ ಹಿಡಿದು ಬಂದವರು ಹೊರಗಿನ ಗುತ್ತಿಗೆದಾರರಷ್ಟೇ ಅಲ್ಲ. ರಸ್ತೆ, ವಿದ್ಯುತ್ತು, ಶಾಲೆ, ಆಸ್ಪತ್ರೆಗಳ ಆಶ್ವಾಸನೆಗೆ ಪ್ರತಿಯಾಗಿ ಊರಿನ ಓಕ್ ಮರಗಳ ಕಾಡನ್ನು ಬಿಟ್ಟುಕೊಡಲು ಒಪ್ಪಿದವರು ಊರಿನ ಗಂಡಸರೇ. ಹೆಂಗಸರು ತಮ್ಮ ಗಂಡಂದಿರ ಮಾತನ್ನೇ ಧಿಕ್ಕರಿಸಿ ಕಾಡನ್ನು ಉಳಿಸಿಕೊಂಡರು. ರಸ್ತೆ ಆಸ್ಪತ್ರೆಗಳು ಬೇಡವೆಂದಲ್ಲ. ಸೌದೆಗೂ ಮೇವಿಗೂ ನೀರಿಗೂ ಇನ್ನೆಷ್ಟು ಮೈಲಿ ನಡೆಯಬೇಕಾಗುವುದೆಂಬ ಲೆಕ್ಕ ಅವರ ಕಾಲಿಗೆ ಗೊತ್ತಿತ್ತು. 'ಊರು ಒಪ್ಪಿದೆ' ಎಂಬ ವಾಕ್ಯವನ್ನು ಓದಿದಾಗಲೆಲ್ಲ ನನಗೆ ಡೂಂಗ್ರಿ-ಪೈಂತೋಲಿ ನೆನಪಾಗುತ್ತದೆ.

ಇದು ಬರಿಯ ಕಥೆಯಲ್ಲವೆಂದು ತೋರಿಸಿದವರು ಅರ್ಥಶಾಸ್ತ್ರಜ್ಞೆ ಬೀನಾ ಅಗರವಾಲ್. ಗುಜರಾತು ಮತ್ತು ನೇಪಾಳಗಳ ಸಮುದಾಯ ಅರಣ್ಯ ಸಂಘಗಳನ್ನು ಪರಿಶೀಲಿಸಿ 2010ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ, ಕಾರ್ಯಸಮಿತಿಯಲ್ಲಿ ಹೆಂಗಸರು ಹೆಚ್ಚಿದ್ದ ಕಡೆ ಕಾಡಿನ ಸ್ಥಿತಿ ಉತ್ತಮಗೊಂಡದ್ದು ಕಂಡುಬಂದಿದೆ. ನೇಪಾಳದಲ್ಲಿ ಹೆಂಗಸರದೇ ಆದ ಸಮಿತಿಗಳಿಗೆ ಚಿಕ್ಕ, ಕೆಟ್ಟುಹೋದ ಕಾಡುಗಳನ್ನು ಕೊಟ್ಟಿದ್ದರೂ ಅವು ಹೆಚ್ಚು ಚಿಗುರಿದವಂತೆ. ಸಮಿತಿಯಲ್ಲಿ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಪಾಲಿನವರೆಗೆ ಹೆಂಗಸರಿದ್ದರೆ ಮಾತ್ರ ಅವರಿಗೆ ಬಾಯಿ ಬರುತ್ತದೆಂಬುದು ಅವರ ಇನ್ನೊಂದು ತೀರ್ಮಾನ. ಒಬ್ಬಳೇ ಆದರೆ ಅಂಜುತ್ತಾಳೆ, ನಾಲ್ವರಾದರೆ ಆಡುತ್ತಾರೆ. ಇದಕ್ಕೆ ಶಾಸ್ತ್ರದ ಆಧಾರ ಬೇಕಿರಲಿಲ್ಲವೆಂದು ನಮ್ಮ ಮನೆಗಳ ಹೆಂಗಸರು ನಗಬಹುದು. ಆದರೆ ಸರ್ಕಾರಗಳು ಅಂಕಿಗಳನ್ನೇ ಕೇಳುತ್ತವೆ.

ಹಾಗಾದರೆ ಆಸ್ತಿಯನ್ನು ಹೆಣ್ಣಿನ ಹೆಸರಿಗೆ ಬರೆದರೆ ಎಲ್ಲವೂ ಸರಿಹೋಗುವುದೇ? ಮೇಘಾಲಯದ ಖಾಸಿ ಜನರಲ್ಲಿ ಕುಲವು ತಾಯಿಯಿಂದ ನಡೆಯುತ್ತದೆ. ಮನೆತನದ ಆಸ್ತಿ ಕಿರಿಯ ಮಗಳಿಗೆ ಸೇರುತ್ತದೆ. ಅವರ ದೇವರ ಕಾಡುಗಳು, ಮುಖ್ಯವಾಗಿ ಮೌಫ್ಲಾಂಗಿನದು, ಲೋಕಪ್ರಸಿದ್ಧವಾಗಿವೆ. ಆದರೆ ಆಸ್ತಿಯ ವ್ಯವಹಾರ ಸೋದರಮಾವನದು. ಕಾಡಿನ ವಿಷಯ ತೀರ್ಮಾನವಾಗುತ್ತಿದ್ದ ದರ್ಬಾರಿನಲ್ಲಿ ಹೆಣ್ಣಿಗೆ ಬಹುಕಾಲ ಪ್ರವೇಶವೇ ಇರಲಿಲ್ಲ. ಹೇಂಟೆ ಕೂಗಿದರೆ ಕೇಡು ಎಂಬ ಅರ್ಥದ ಗಾದೆಯನ್ನು ಅಲ್ಲಿಯವರು ಇದಕ್ಕೆ ಸಮರ್ಥನೆಯಾಗಿ ಹೇಳುತ್ತಿದ್ದರು. ಅಳಿಯಸಂತಾನದ ತುಳುನಾಡನ್ನು ಬಲ್ಲ ಕನ್ನಡಿಗರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಅಲ್ಲಿಯೂ ವಂಶ ಹೆಣ್ಣಿನದು, ಯಜಮಾನಿಕೆ ಬಹುಮಟ್ಟಿಗೆ ಮಾವನದು. ಆಸ್ತಿ ಇದ್ದೂ ಪೀಠವಿಲ್ಲದ ಸ್ಥಿತಿ ಖಾಸಿ ಹೆಣ್ಣಿನದಾದರೆ, ದುಡಿಮೆ ಇದ್ದೂ ಎರಡೂ ಇಲ್ಲದ ಸ್ಥಿತಿ ಮಧ್ಯಭಾರತದ ಅನೇಕ ಬುಡಕಟ್ಟುಗಳ ಹೆಣ್ಣಿನದು.

ಆಸ್ತಿಯ ಪ್ರಶ್ನೆ ನ್ಯಾಯಾಲಯಗಳಲ್ಲಿ ಇನ್ನೂ ಕುದಿಯುತ್ತಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪರಿಶಿಷ್ಟ ಪಂಗಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು; ಅವರ ಪದ್ಧತಿಯನ್ನು ಗೌರವಿಸಬೇಕೆಂಬುದು ಕಾರಣ. ಸಿಂಗಭೂಮಿಯ ಹೋ ಹೆಂಗಸರ ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯ, ಪದ್ಧತಿಯನ್ನು ಪೂರ್ತಿ ತಳ್ಳಿಹಾಕದೆ, ಸತ್ತವನ ಮನೆಯ ಹೆಂಗಸರು ಆ ಭೂಮಿಯನ್ನು ನೆಚ್ಚಿ ಬಾಳುತ್ತಿರುವವರೆಗೆ ಅವರನ್ನು ಹೊರಹಾಕಬಾರದೆಂದಿತು. 2022ರಲ್ಲಿ ಅದೇ ನ್ಯಾಯಾಲಯ ಈ ಹೊರಗಿಡುವಿಕೆಯನ್ನು ಮರುಪರಿಶೀಲಿಸಿರೆಂದು ಕೇಂದ್ರ ಸರ್ಕಾರಕ್ಕೆ ಹೇಳಿತು. 2025ರ ಜುಲೈನಲ್ಲಿ ಗೋಂಡ ಕುಟುಂಬವೊಂದರ ಮೊಕದ್ದಮೆಯಲ್ಲಿ ಇನ್ನೂ ಮುಂದಕ್ಕೆ ಹೋಗಿ, ಹೆಣ್ಣಿಗೆ ಪಾಲಿಲ್ಲವೆಂಬ ಪದ್ಧತಿಯನ್ನು ಯಾರೂ ರುಜುವಾತುಪಡಿಸದಿರುವಾಗ ಪಾಲನ್ನು ನಿರಾಕರಿಸುವುದು ಸಮಾನತೆಗೆ ವಿರೋಧವೆಂದು ತೀರ್ಪಿತ್ತು. ಪದ್ಧತಿಯಿದೆಯೆನ್ನುವವನು ಅದನ್ನು ತೋರಿಸಲಿ ಎಂಬ ಈ ನ್ಯಾಯದಲ್ಲಿ ನನಗೆ ದೊಡ್ಡ ಸತ್ಯ ಕಾಣುತ್ತದೆ. ಏಕೆಂದರೆ 'ನಮ್ಮ ಪದ್ಧತಿ' ಎಂಬ ಮಾತು ಎಷ್ಟೋ ಸಲ ಆ ಕ್ಷಣದಲ್ಲಿ ಚಾಪೆಯ ಮೇಲಿದ್ದವರ ಅಭಿಪ್ರಾಯಕ್ಕೆ ಇಟ್ಟ ಹೆಸರು.

ಇದನ್ನೆಲ್ಲ ನನ್ನ ಹಿರಿಯ ಮಿತ್ರರೊಬ್ಬರ ಮುಂದೆ ಹೇಳಿದಾಗ ಅವರು ಒಪ್ಪಲಿಲ್ಲ. "ಶತಮಾನ ಕಾಲ ಹೊರಗಿನವರ ಕಾನೂನಿನಿಂದ ನೊಂದ ಜನ ಈಗತಾನೆ ತಮ್ಮ ಕಟ್ಟಳೆಯನ್ನು ತಾವೇ ಬರೆಯುತ್ತಿದ್ದಾರೆ. ಮೊದಲು ಕಾಡು ಅವರ ಕೈಗೆ ಬರಲಿ, ಹೆಣ್ಣುಗಂಡಿನ ಲೆಕ್ಕ ಆಮೇಲೆ ಅವರೇ ನೋಡಿಕೊಳ್ಳಲಿ," ಎಂದರು. ಮಾತಿನಲ್ಲಿ ತೂಕವಿದೆ. ಹುಲಿಯ ಹೆಸರಿನಲ್ಲಿ, ಅಣೆಕಟ್ಟಿನ ಹೆಸರಿನಲ್ಲಿ ಎಬ್ಬಿಸಲ್ಪಟ್ಟವರಿಗೆ ನಾವು ಊರಿನಲ್ಲಿ ಕುಳಿತು ಸುಧಾರಣೆಯ ಪಾಠ ಹೇಳುವುದು ಅಧಿಕಪ್ರಸಂಗವೇ ಸರಿ. 2019ರ ಫೆಬ್ರವರಿಯಲ್ಲಿ, ಅರ್ಜಿ ತಿರಸ್ಕೃತವಾದವರನ್ನು ಕಾಡಿನಿಂದ ಹೊರಹಾಕಬೇಕೆಂಬ ಆದೇಶ ಹೊರಟು, ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಾಗ ಇಡೀ ದೇಶದ ಕಾಡುಗಳಲ್ಲಿ ಜನ ಹೇಗೆ ನಡುಗಿದರೆಂಬುದನ್ನು ನಾನು ಮರೆತಿಲ್ಲ. ಆದರೂ 'ಆಮೇಲೆ' ಎಂಬ ಮಾತಿಗೆ ನಾನು ಹೆದರುತ್ತೇನೆ. ಬಾಯಲ್ಲಿದ್ದಾಗ ಕಟ್ಟಳೆ ಮೃದುವಾಗಿರುತ್ತದೆ. ಒಬ್ಬ ಮುದುಕಿ ಗದರಿದರೆ ಬಾಗುತ್ತದೆ. ಒಮ್ಮೆ ಬರೆದು ಮೊಹರು ಹಾಕಿದ ಮೇಲೆ, ಅದರಲ್ಲಿಲ್ಲದ ಇಳಿಜಾರಿನಲ್ಲಿ ಗುದ್ದಲಿ ಹಿಡಿದು ನಿಂತ ಹೆಂಗಸನ್ನು ಅರಣ್ಯರಕ್ಷಕ ಪಟ್ಟಿ ತೆರೆದು ಪ್ರಶ್ನಿಸಬಲ್ಲ. ಆ ದಿನ ಅವಳ ಪರವಾಗಿ ಹೇಳಲು ಅವಳ ಸ್ವಂತ ಜನರ ಬಳಿಯೂ ಆಧಾರವಿರುವುದಿಲ್ಲ. ಬೇಕಾದುದೂ ಬಹಳವಲ್ಲ. ಸಭೆಯನ್ನು ನೀರು ತರುವ ಹೊತ್ತಿನಲ್ಲಿ ಕರೆಯದಿರುವುದು; ಬರೆಯುವವನು ಚಾಪೆ ಬಿಟ್ಟೆದ್ದು ಗೆಣಸಿಗೆ ಹೋಗುವವರ ಜೊತೆ ಒಂದು ದಿನ ನಡೆಯುವುದು; ಬರೆಯಬಲ್ಲ ಹುಡುಗಿಯರು ಈಗ ಪ್ರತಿ ಪೋಡಿನಲ್ಲೂ ಇರುವಾಗ ಪುಸ್ತಕ ಯಾವಾಗಲೂ ಹುಡುಗನ ತೊಡೆಯ ಮೇಲೇ ಏಕಿರಬೇಕೆಂದು ಯೋಚಿಸುವುದು.

ಅಂದು ಸಭೆ ಮುಗಿದು ಚಾಪೆ ಸುತ್ತಿದ ಮೇಲೆ ನಾನು ಆ ತರುಣನ ಪುಸ್ತಕವನ್ನು ಕೇಳಿ ನೋಡಿದೆ. ಅಕ್ಷರ ಮುದ್ದಾಗಿತ್ತು. ಎಡಗಡೆ ತಾಣದ ಹೆಸರು, ಬಲಗಡೆ ಅದರ ಕಟ್ಟಳೆ. ಜೇನಿನ ಬಂಡೆಗಳು ಮುಗಿದ ಕಡೆ, ಪುಟದ ಅಂಚಿನಲ್ಲಿ, 'ಗೆಣಸು' ಎಂದು ಬರೆದು ಮುಂದೆ ಗೆರೆ ಎಳೆದಿದ್ದ. ಹೆಸರಿನ ಜಾಗ ಖಾಲಿಯಿತ್ತು. ನಾನು ಏನೂ ಕೇಳದಿದ್ದರೂ ಅವನಿಗೆ ಸ್ವಲ್ಪ ಸಂಕೋಚವಾಯಿತು. "ಜಾಗದ ಹೆಸರುಗಳು ನಮಗೆ ಬರಲ್ಲ ಸಾರ್, ಅಜ್ಜಿಗೇ ಗೊತ್ತು," ಎಂದ. ಸುತ್ತ ನೋಡಿದೆವು. ಅಜ್ಜಿ ಆಗಲೇ ಸೌದೆಗೆ ಹೊರಟುಹೋಗಿದ್ದಳು.